ಕುಪ್ಪಿಯೊಳಗಿನ ಆಟಿ

ಬಿ.ಸಿ. ರೋಡಿನಲ್ಲಿ ಬೆಳ್ತಂಗಡಿಯ ಬಸ್ಸು ಹತ್ತುವಾಗ ನನ್ನ ಚೀಲದಲ್ಲಿ ಎರಡು ಖಾಲಿ ಕುಪ್ಪಿಗಳಿದ್ದವು. ಎರಡೂ ಕಂದು ಗಾಜಿನವು, ಅರ್ಧರ್ಧ ಲೀಟರು ಹಿಡಿಯುವಂಥವು. ಬೆಂಗಳೂರಿನ ಮನೆಯಲ್ಲಿ ಕುದಿಯುವ ನೀರಿನಿಂದ ತೊಳೆದು, ಒಣಗಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ತಂದಿದ್ದೆ. ಒಂದು ಶುಂಠಿಗೆ, ಇನ್ನೊಂದು ಹಾಲೆ ಮರದ ತೊಗಟೆಗೆ.

ಮರುದಿನ ಆಟಿ ಅಮಾವಾಸ್ಯೆ, ಆಟಿ ಎಂಬ ತುಳು ತಿಂಗಳ ಅಮಾವಾಸ್ಯೆ. ತುಳುನಾಡಿನ ಮನೆಗಳಲ್ಲಿ ಆ ದಿನ ಬೆಳಕು ಹರಿಯುವ ಮುಂಚೆ ಹಾಲೆ ಮರದ ತೊಗಟೆ ತಂದು, ಕಷಾಯ ಮಾಡಿ, ಖಾಲಿ ಹೊಟ್ಟೆಗೆ ಕುಡಿಯುತ್ತಾರೆ. ತುಳುವಿನಲ್ಲಿ ಅದು ಪಾಲೆದ ಕಷಾಯ. ಊರು ಬಿಟ್ಟ ಮೇಲೆ ಎಷ್ಟೋ ಆಟಿಗಳು ನನಗೆ ಆ ಕಹಿಯಿಲ್ಲದೆ ಕಳೆದಿದ್ದವು. ರಜೆ ಸಿಗದ ವರ್ಷ, ಟಿಕೆಟು ಸಿಗದ ವರ್ಷ, ನೆನಪೇ ಆಗದ ವರ್ಷ. ಗಿಡಮೂಲಿಕೆಯನ್ನು ಮದ್ಯಸಾರದಲ್ಲಿ ನೆನೆಸಿಟ್ಟರೆ ಸಾರ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ ಎಂದು ತಿಳಿದ ಮೇಲೆ ಒಂದು ಆಸೆ ಹುಟ್ಟಿತು. ಒಮ್ಮೆ ಹೋಗಿ ಆಟಿಯನ್ನೇ ಕುಪ್ಪಿಯಲ್ಲಿ ತುಂಬಿಸಿ ತಂದುಬಿಟ್ಟರೆ?

ಬಂಟ್ವಾಳ ಪೇಟೆಯ ಬದಿಯಲ್ಲಿ ನೇತ್ರಾವತಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ವಗ್ಗ ದಾಟಿತು, ಪುಂಜಾಲಕಟ್ಟೆ ದಾಟಿತು. ರಸ್ತೆಯ ಎರಡೂ ಕಡೆ ಮೈಲುತುತ್ತಿನ ನೀಲಿ ಕಲೆ ಹಿಡಿದ ಅಡಿಕೆ ಗೊನೆಗಳು, ನೀರು ಸುರಿಸುವ ರಬ್ಬರ್ ತೋಟಗಳು. ಬಂಟ್ವಾಳ ತಾಲೂಕು ಮುಗಿದು ಬೆಳ್ತಂಗಡಿ ತಾಲೂಕು ತೊಡಗುವ ಕಡೆ ಮಡಂತ್ಯಾರು ಬರುತ್ತದೆ. ಸೇಕ್ರೆಡ್ ಹಾರ್ಟ್ ಚರ್ಚು, ಅದರ ಶಾಲೆ ಕಾಲೇಜು, ಪೇಟೆಯ ಅಂಗಡಿ ಸಾಲು, ಒಣಮೀನಿನ ವಾಸನೆ, ಮಲ್ಲಿಗೆಯ ಅಟ್ಟೆ. ಅಲ್ಲಿಂದ ಒಳದಾರಿಯಲ್ಲಿ ಅರ್ಧ ಗಂಟೆ ನಡೆದರೆ ನನಗೆ ಏಳನೆಯ ತರಗತಿಯಲ್ಲಿ ವಿಜ್ಞಾನ ಕಲಿಸಿದ ಟೀಚರ ಮನೆ. ಈಗ ಎಂಬತ್ತರ ಹತ್ತಿರ. ಊರಿನವರಿಗೆ ಅವರು ಬಾಯಮ್ಮ, ನನಗೆ ಇಂದಿಗೂ ಟೀಚರ್.

"ಎಂತ ಮಾರಾಯ, ಕುಪ್ಪಿ ಅಲ್ಲಿಂದ ಹೊತ್ತುಕೊಂಡು ಬಂದದ್ದಾ? ಇಲ್ಲಿ ಕುಪ್ಪಿಗೆ ಬರಗಾಲ ಉಂಟಾ?" ಎನ್ನುತ್ತಲೇ ಅವರು ಕುಪ್ಪಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಪರವಾಗಿಲ್ಲ, ಒಳಗೆ ನೀರಿನ ಪಸೆ ಇಲ್ಲ."

ಅವರ ಅಡುಗೆಮನೆಯ ಒಲೆಯ ಮೇಲೆ ಒಂದು ಅಟ್ಟ. ಮಳೆಗಾಲದಲ್ಲಿ ಈ ಸೀಮೆಯಲ್ಲಿ ಏನನ್ನಾದರೂ ಒಣಗಿಸಬೇಕಾದರೆ ಬೇರೆ ಜಾಗವಿಲ್ಲ. ಗೆರಸೆಗಳಲ್ಲಿ ಆಡುಸೋಗೆಯ ಎಲೆ, ಸೊಗದೆ ಬೇರು, ಶುಂಠಿಯ ತೆಳು ಹೋಳು. ಟೀಚರ್ ಒಂದು ಎಲೆ ತೆಗೆದು ನನ್ನ ಕೈಗಿಟ್ಟರು. ಹಿಸುಕಿದರೆ ಪುಡಿಯಾಗಬೇಕು, ಕಡ್ಡಿ ಬಗ್ಗಿಸಿದರೆ ಟಕ್ಕೆಂದು ಮುರಿಯಬೇಕು. ಬಗ್ಗಿಯೂ ಮುರಿಯದಿದ್ದರೆ ಒಳಗೆ ನೀರು ಉಂಟು ಎಂದರ್ಥ, ನೀರು ಇದ್ದಲ್ಲಿ ಬೂಷ್ಟು ಬರುತ್ತದೆ. ಒಣಗಿದ್ದನ್ನು ಡಬ್ಬಿಗೆ ಹಾಕುವುದಕ್ಕೂ, ಮದ್ಯಕ್ಕೆ ಹಾಕುವುದಕ್ಕೂ ಇದೇ ಮೊದಲ ಪರೀಕ್ಷೆ.

ಹೀಗೆ ಮದ್ಯಸಾರದಲ್ಲಿ ಇಳಿಸಿದ ಗಿಡದ ಸಾರಕ್ಕೆ ಟಿಂಚರ್ ಎಂದು ಹೆಸರು. ಆ ಪದ ಕೇಳಿದರೆ ನಮ್ಮ ತಲೆಮಾರಿಗೆ ನೆನಪಾಗುವುದು ಮೊಣಕಾಲು ಕೆತ್ತಿದಾಗ ಶಾಲೆಯಲ್ಲಿ ಹಚ್ಚುತ್ತಿದ್ದ ಟಿಂಚರ್ ಅಯೋಡಿನ್. ಉರಿ, ಕಂದು ಬಣ್ಣ, ಕಣ್ಣೀರು. ಲ್ಯಾಟಿನ್ನಿನಲ್ಲಿ ಆ ಪದದ ಬೇರಿಗೆ ಬಣ್ಣ ಅದ್ದುವುದು ಎಂಬ ಅರ್ಥವಿದೆ. ಟೀಚರ್ ಅದನ್ನು ಮಾತಿನಲ್ಲಿ ಹೇಳದೆ ತೋರಿಸಿದರು. ಎರಡು ಸಣ್ಣ ಗಾಜಿನ ಲೋಟ, ಒಂದರಲ್ಲಿ ನೀರು, ಇನ್ನೊಂದರಲ್ಲಿ ವೋಡ್ಕಾ. ಎರಡಕ್ಕೂ ಒಂದೊಂದು ಚಿಟಿಕೆ ಅರಸಿನ ಪುಡಿ. ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಪುಡಿ ಕೆಳಗೆ ಕೂತು ಮೇಲಿನದು ಮಾಸಲಾಯಿತು. ವೋಡ್ಕಾ ಮಾತ್ರ ಮೇಲಿನಿಂದ ಕೆಳಗಿನವರೆಗೆ ಗಾಢ ಹಳದಿಯಾಗಿ ನಿಂತಿತು. ಅರಸಿನದ ಕರ್ಕುಮಿನ್ ನೀರಿಗೆ ಒಲಿಯುವುದಿಲ್ಲ, ಮದ್ಯಸಾರಕ್ಕೆ ಒಲಿಯುತ್ತದೆ. ರಾಳ, ಸುಗಂಧ ತೈಲ, ಎಷ್ಟೋ ಕಹಿ ಸತ್ವಗಳೂ ಹಾಗೆಯೇ. ಲೋಳೆಗೆ ನೀರೇ ಬೇಕು. ನೀರೂ ಮದ್ಯಸಾರವೂ ಕೂಡಿದ ದ್ರವ ಎರಡನ್ನೂ ಒಂದಷ್ಟು ಎಳೆದುಕೊಳ್ಳುತ್ತದೆ. ಏಳನೆಯ ತರಗತಿಯ ಬೆಂಚಿನಲ್ಲಿ ಕೂತ ಹಾಗೆ ನಾನು ನೋಡುತ್ತಿದ್ದೆ.

ತಿಂಗಳ ಹಿಂದೆ ಅವರು ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ಶುಂಠಿ ಹಾಕಿಟ್ಟಿದ್ದರು. ಅಂದು ಅದನ್ನು ಸೋಸುವ ದಿನ. ಲೆಕ್ಕ ಸರಳ: ಹಸಿ ಗಿಡವಾದರೆ ಒಂದು ಪಾಲು ತೂಕಕ್ಕೆ ಎರಡು ಪಾಲು ಮದ್ಯ, ಒಣಗಿದ್ದಾದರೆ ಒಂದಕ್ಕೆ ಐದು. 200 ಗ್ರಾಂ ಹಸಿ ಶುಂಠಿಗೆ 400 ಮಿ.ಲೀ. ವೋಡ್ಕಾ, 100 ಗ್ರಾಂ ಒಣ ಶುಂಠಿಗೆ 500 ಮಿ.ಲೀ.

"ಯಾಕೆ ಹಾಗೆ, ಹೇಳು ನೋಡುವ," ಎಂದರು ಟೀಚರ್.

ಹಸಿ ಶುಂಠಿಯ ಹತ್ತರಲ್ಲಿ ಎಂಟು ಪಾಲು ನೀರು. ನಮ್ಮ ದೇಶದಲ್ಲಿ ಮಾರುವ ವೋಡ್ಕಾ, ಬ್ರಾಂಡಿಗಳಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 42.8. 200 ಗ್ರಾಂ ಶುಂಠಿ ತನ್ನ ಒಳಗಿನ 160 ಮಿ.ಲೀ. ನೀರನ್ನು ಭರಣಿಗೆ ಬಿಟ್ಟುಕೊಟ್ಟರೆ 42.8 ಇದ್ದದ್ದು 30ರ ಆಸುಪಾಸಿಗೆ ಇಳಿಯುತ್ತದೆ. 25ಕ್ಕಿಂತ ಕೆಳಗೆ ಹೋದರೆ ಬೂಷ್ಟು, ಹುಳಿ ಶುರು. ಹಸಿಗಿಡಕ್ಕೆ ಇನ್ನೂ ಗಟ್ಟಿ ಮದ್ಯಸಾರ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಗಿಡವನ್ನು ಒಂದು ರಾತ್ರಿ ಬಾಡಿಸಿ ಹಾಕಬೇಕು. ಒಣಗಿದ್ದು ನೀರು ಬಿಡುವುದಿಲ್ಲ, ತಾನೇ ಕುಡಿದು ಉಬ್ಬುತ್ತದೆ. ಅದಕ್ಕೆ ಐದು ಪಾಲು.

ಹೋಳುಗಳು ಯಾವಾಗಲೂ ಮುಳುಗಿರಬೇಕು. ಬೆಳಕು ಬೀಳದ ಕಪಾಟಿನಲ್ಲಿ ನಾಲ್ಕು ವಾರ, ದಿನಕ್ಕೊಮ್ಮೆ ಅಲುಗಾಡಿಸುವುದು. ಟೀಚರ್ ರಾತ್ರಿಯ ಜಪಸರ ಮುಗಿಸಿ ಏಳುವಾಗ ಭರಣಿ ಅಲುಗಿಸುತ್ತಾರೆ, ಹಾಗಾಗಿ ಮರೆವು ಎಂಬುದಿಲ್ಲ. ಒಗೆದ ಮಲ್ ಬಟ್ಟೆಯಲ್ಲಿ ಸುರಿದು ಇಬ್ಬರೂ ಎರಡು ತುದಿ ಹಿಡಿದು ಹಿಂಡಿದೆವು. ಚಹಾದ ಬಣ್ಣದ, ಮೂಗಿಗೆ ಚುರುಕು ಮುಟ್ಟಿಸುವ ನೀರು ನನ್ನ ಮೊದಲ ಕುಪ್ಪಿಗೆ ಇಳಿಯಿತು. ಒಂದು ಮಾತನ್ನು ಅವರು ಎರಡು ಸಲ ಹೇಳಿದರು: ಗಾಯ ಒರೆಸುವ ಸ್ಪಿರಿಟ್, ಪಾಲಿಶಿನ ಸ್ಪಿರಿಟ್ ಇವುಗಳ ಹತ್ತಿರ ಹೋಗಬಾರದು. ಅವು ವಿಷ, ಕಣ್ಣು ತೆಗೆಯುತ್ತವೆ, ಜೀವ ತೆಗೆಯುತ್ತವೆ. ಪರವಾನಗಿ ಇರುವ ಅಂಗಡಿಯಿಂದ ತಂದ, ಕುಡಿಯಲೆಂದೇ ಮಾಡಿದ ಮದ್ಯ ಮಾತ್ರ. ಮಕ್ಕಳಿಗೆ, ಬಸುರಿಯರಿಗೆ, ಲಿವರ್ ತೊಂದರೆಯವರಿಗೆ ಅದೂ ಸಲ್ಲ. ಉಳಿದವರಿಗೆ ಊಟವಾದ ಮೇಲೆ ಬಿಸಿನೀರಿಗೆ ಅರ್ಧ ಚಮಚ.

ಟೀಚರಿಗೆ ಈ ಆಸಕ್ತಿ ಬಂದದ್ದು ಕಂಕನಾಡಿಯಿಂದ. 1878ರ ಕೊನೆಗೆ ಮಂಗಳೂರಿಗೆ ಬಂದಿಳಿದ ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್, 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ತೊಡಗಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯ ಬೇರು ಅದು. ಆ ಪದ್ಧತಿಯಲ್ಲಿ ಗಿಡದ ಸಾರವನ್ನು ಮೊದಲು ಮದ್ಯಸಾರದಲ್ಲಿ ಇಳಿಸುತ್ತಾರೆ. ತೆಳುಮಾಡುವುದಕ್ಕೆ ಮುಂಚಿನ ಆ ಮೂಲ ದ್ರವವೇ ಮದರ್ ಟಿಂಚರ್. ಕರಾವಳಿಯ ಹಳ್ಳಿಗಳಿಗೆ ಆ ಪದ ಹಾಗೆ ಬಂದಿರಬೇಕು. ಆದರೆ ಮದ್ಯದಲ್ಲಿ ಮದ್ದನ್ನು ಉಳಿಸುವ ವಿದ್ಯೆ ಹೊರಗಿನಿಂದ ಬಂದದ್ದೇನೂ ಅಲ್ಲ. ನಮ್ಮ ಆಸವ, ಅರಿಷ್ಟಗಳೂ ಅದೇ ಕೆಲಸ ಮಾಡುತ್ತವೆ. ಗಿಡದ ರಸಕ್ಕೋ ಕಷಾಯಕ್ಕೋ ಬೆಲ್ಲ ಮತ್ತು ಧಾತಕಿ ಹೂವು ಸೇರಿಸಿ ಮುಚ್ಚಿಟ್ಟರೆ ಹುದುಗು ಎದ್ದು, ಮದ್ದು ತನಗೆ ಬೇಕಾದ ಮದ್ಯಸಾರವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಬಾಣಂತಿಯರ ಕೋಣೆಯಲ್ಲಿರುವ ದಶಮೂಲಾರಿಷ್ಟ ಆಗಿರುವುದು ಹೀಗೆ.

ಸಂಜೆ ಮಳೆ ಒಂದಿಷ್ಟು ಬಿಡುವು ಕೊಟ್ಟಾಗ ನೆರೆಮನೆಯ ಅಜ್ಜ ಬಂದರು. ತಲೆಗೆ ಮುಟ್ಟಾಳೆ, ಕೈಯಲ್ಲಿ ಒಂದು ಬಿಳಿ ಕಲ್ಲು. ಅಮಾವಾಸ್ಯೆಯ ಹಿಂದಿನ ಸಂಜೆಯೇ ಮರ ನೋಡಿ, ಬುಡದಲ್ಲಿ ಕಲ್ಲಿಟ್ಟು ಬರುವುದು ಅವರ ಮನೆಯ ಕ್ರಮ. ಮೂವರೂ ಗುಡ್ಡೆ ಹತ್ತಿದೆವು. ಅರ್ಧ ಏರಿದ ಮೇಲೆ ಅಜ್ಜ ನಿಂತು, "ಈಗ ನೀವು ತೋರಿಸಿ, ಹಾಲೆ ಯಾವುದು?" ಎಂದು ಕೇಳಿದರು.

ಬೂದು ತೊಗಟೆಯ, ನೆಟ್ಟಗೆ ನಿಂತ, ಹೊಳೆಯುವ ಎಲೆಯ ಒಂದು ಮರಕ್ಕೆ ನಾನು ಕೈಯಿಟ್ಟೆ.

ಅಜ್ಜ ಮಾತನಾಡಲಿಲ್ಲ. ಟೀಚರ್ ನನ್ನ ಕೈ ಹಿಡಿದು ಮರದಿಂದ ತೆಗೆದರು. "ಅದು ಕಾಸರಕ ಮಗಾ."

ಕಾಸರಕ, ತುಳುವಿನ ಕಾಯೆರ್. ಅದರ ಬೀಜದಲ್ಲೂ ತೊಗಟೆಯಲ್ಲೂ ಇರುವುದು ಸ್ಟ್ರಿಕ್ನಿನ್, ಬ್ರೂಸಿನ್. ಮೈಯ ಸ್ನಾಯುಗಳನ್ನು ಬಿಲ್ಲಿನ ಹಾಗೆ ಸೆಟೆಸಿ ಉಸಿರು ಕಟ್ಟಿಸುವ ವಿಷ. ಅದೇ ನಕ್ಸ್ ವೊಮಿಕಾ, ಔಷಧಿ ತಯಾರಿಸುವವರ ಕೈಯಲ್ಲಿ ಅಳೆದು ತೂಗಿ ಬಳಸುವ ಮರ. ಆಟಿ ಅಮಾವಾಸ್ಯೆ ಹತ್ತಿರ ಬಂದಾಗ ಸರಿಯಾದ ಮರವನ್ನೇ ಕೆತ್ತಿ ಎಂದು ತಿಳಿದವರು ಎಚ್ಚರಿಸುವುದು ಇದಕ್ಕೇ. ಕತ್ತಲಲ್ಲಿ ಹೋಗಿ ತೊಗಟೆ ತರುವ ಹಬ್ಬದಲ್ಲಿ, ಹಿಂದಿನ ಸಂಜೆ ಬೆಳಕಿನಲ್ಲಿ ಮರ ನೋಡಿ ಕಲ್ಲಿಡುವ ಕ್ರಮ ಎಷ್ಟು ದೊಡ್ಡದು ಎಂದು ನನಗೆ ಆಗ ಹೊಳೆಯಿತು.

ಇಪ್ಪತ್ತು ಹೆಜ್ಜೆ ಆಚೆ ಹಾಲೆ ಇತ್ತು. ಅಜ್ಜ ಒಂದು ರೆಂಬೆ ಬಗ್ಗಿಸಿದರು. ಕಾಸರಕದ ಎಲೆ ಎರಡೆರಡು ಎದುರುಬದುರು, ಬುಡದಿಂದಲೇ ಮೂರೋ ಐದೋ ನರ ಹೊರಡುತ್ತವೆ. ಹಾಲೆಯ ಎಲೆಗಳು ಕೊಡೆಯ ಕಡ್ಡಿಗಳ ಹಾಗೆ ಒಂದೇ ಗಂಟಿನಿಂದ ಸುತ್ತಲೂ, ನಾಲ್ಕರಿಂದ ಏಳು. ಅದಕ್ಕೇ ಸಂಸ್ಕೃತದಲ್ಲಿ ಸಪ್ತಪರ್ಣ. ಅಜ್ಜ ಎಲೆಯ ತೊಟ್ಟು ಚಿವುಟಿದರು. ಬಿಳಿ ಹಾಲು ಒಸರಿತು. ಕಾಸರಕದಲ್ಲಿ ಹಾಲಿಲ್ಲ. ಕನ್ನಡದ ಹೆಸರಿನಲ್ಲೇ ಗುರುತು ಇತ್ತು, ಅದನ್ನು ಎಷ್ಟೋ ಸಲ ಉಚ್ಚರಿಸಿದ ನಾನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲ ಸಂಪುಟ ಅಚ್ಚಾದ ‘ಹೋರ್ಟುಸ್ ಮಲಬಾರಿಕುಸ್’ನಲ್ಲಿ ಈ ಮರ ಪಾಲ ಎಂಬ ಹೆಸರಿನಲ್ಲೇ ಇದೆ. ಆ ಗ್ರಂಥಕ್ಕೆ ಡಚ್ಚರ ಅಧಿಕಾರಿ ವಾನ್ ರೀಡನ ಹೆಸರಿದ್ದರೂ ಗಿಡ ತೋರಿಸಿಕೊಟ್ಟವರು ವೈದ್ಯ ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ಪಂಡಿತರು: ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಮುಂದೆ 1767ರಲ್ಲಿ ಲಿನ್ನೇಯಸ್ ಇದಕ್ಕೆ ಸ್ಕೊಲಾರಿಸ್ ಎಂಬ ಹೆಸರಿಟ್ಟ. ಇದರ ಹಗುರ ಮರದಿಂದ ಶಾಲೆಯ ಮಕ್ಕಳ ಬರೆಯುವ ಹಲಗೆ ಮಾಡುತ್ತಿದ್ದರು. ಹಲಗೆಯ ಮರದ ಕೆಳಗೆ ಟೀಚರ ಪಕ್ಕದಲ್ಲಿ ನಿಂತು, ತಪ್ಪು ಉತ್ತರ ಕೊಟ್ಟ ಹುಡುಗನ ಹಾಗೆ ನಾನು ಎರಡೂ ಎಲೆಗಳನ್ನು ಮತ್ತೆ ಮತ್ತೆ ನೋಡಿದೆ.

ಬೆಳಗಿನ ಜಾವ ಅಜ್ಜ ಒಬ್ಬರೇ ಹೋದರು. ಕತ್ತಿ ಮುಟ್ಟಿಸುವ ಹಾಗಿಲ್ಲ, ಬಿಳಿ ಕಲ್ಲಿನಿಂದಲೇ ಗುದ್ದಿ ತೊಗಟೆ ತೆಗೆಯಬೇಕು. ಆ ಹೊತ್ತಿಗೆ ಲೋಕದ ಮದ್ದೆಲ್ಲ ಆ ಮರದಲ್ಲಿ ಬಂದು ಸೇರಿರುತ್ತದೆ ಎಂಬುದು ನಂಬಿಕೆ. ತೊಗಟೆಯನ್ನು ಕಾಳುಮೆಣಸು, ಬೆಳ್ಳುಳ್ಳಿ, ಓಮ, ಅರಸಿನದ ಜೊತೆ ಅರೆದು ರಸ ಹಿಂಡಿದರು. ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಬಿಳಿ ಕಲ್ಲನ್ನು ಅದರೊಳಗೆ ಬಿಟ್ಟಾಗ ಚುಂಯ್ ಎಂಬ ಸದ್ದು, ಹಬೆ, ಓಮದ ಘಾಟು. ಕಾದ ಕಲ್ಲೇ ಒಗ್ಗರಣೆ. ಟೀಚರ ಮನೆಗೂ ಒಂದು ಚೊಂಬು ಬಂತು. ಚರ್ಚಿನ ಗಂಟೆ ಕೇಳಿಸುವ ಮನೆ, ಭೂತದ ಕೋಲ ನಡೆಯುವ ಮನೆ ಎಂಬ ಭೇದ ಆ ಕಹಿಗೆ ಇಲ್ಲಿ ಇಲ್ಲ.

ಸಣ್ಣ ಲೋಟದಲ್ಲಿ ಅರ್ಧ. ನಾಲಿಗೆಯ ಬುಡದಲ್ಲಿ ಕೂತು ಏಳಲೊಲ್ಲದ ಕಹಿ. ಅದರ ಹಿಂದೆ ಒಂದು ಚೂರು ಬೆಲ್ಲ. ಸ್ವಲ್ಪ ಹೊತ್ತಿಗೆ ತೆಂಗಿನ ಹಾಲು, ಬೆಲ್ಲ ಹಾಕಿದ ಮೆಂತೆ ಗಂಜಿ. ಹಾಲೆ ಉಷ್ಣ, ಮೆಂತೆ ತಂಪು. ಹಿಂದೆ ಆಟಿ ಎಂದರೆ ಕಣಜ ಬರಿದಾದ ತಿಂಗಳು, ಗದ್ದೆಯ ನೀರು, ಚಳಿಜ್ವರ. ರೋಗ ಕಳೆಯಲೆಂದು ಆಟಿ ಕಳೆಂಜದ ವೇಷ ಮನೆಮನೆಗೆ ಬರುತ್ತಿದ್ದದ್ದೂ ಇದೇ ತಿಂಗಳು. ಹಾಲೆಯ ತೊಗಟೆಯಲ್ಲಿ ಎಕಿಟಮಿನ್ ಮುಂತಾದ ಆಲ್ಕಲಾಯ್ಡುಗಳಿವೆ. ಹತ್ತೊಂಬತ್ತನೆಯ ಶತಮಾನದ ವೈದ್ಯರು ಜ್ವರಕ್ಕೆ ಇದನ್ನು ಕ್ವಿನೈನಿನ ಜೊತೆ ಹೋಲಿಸಿ ನೋಡಿದ್ದರು.

ನಾನು ಎರಡನೆಯ ಕುಪ್ಪಿ ತೆಗೆದೆ. "ಟೀಚರ್, ಉಳಿದ ತೊಗಟೆಯನ್ನು ಇದರಲ್ಲಿ ನೆನೆಹಾಕುವ."

ಅವರು ಕುಪ್ಪಿಯನ್ನು ತೆಗೆದುಕೊಂಡು ಮೇಜಿನ ಮೇಲೆ ಇಟ್ಟರು. "ಬೇಡ. ಶುಂಠಿ ನಾವು ದಿನಾ ತಿನ್ನುವ ವಸ್ತು. ಅದು ಕುಪ್ಪಿಯಲ್ಲಿದ್ದರೆ ಹೆದರಿಕೆ ಇಲ್ಲ. ಇದು ಹಾಗಲ್ಲ. ವರ್ಷಕ್ಕೆ ಒಂದು ದಿನ, ಒಂದು ಹೊತ್ತು, ಅರ್ಧ ಲೋಟ, ಮೇಲಿಂದ ಮೆಂತೆ ಗಂಜಿ. ಇವರ ಹಿರಿಯರ ಹತ್ತಿರ ತಕ್ಕಡಿ ಇರಲಿಲ್ಲ ಮಾರಾಯ, ಅದಕ್ಕೆ ದಿನವನ್ನೇ ಅಳತೆ ಮಾಡಿದ್ದು. ನೀನು ಕುಪ್ಪಿಗೆ ತುಂಬಿಸಿದರೆ ದಿನ ಹೋಯಿತು. ದಿನ ಹೋದರೆ ಅಳತೆಯೂ ಹೋಯಿತಲ್ಲ?"

ಅಜ್ಜ ತಲೆಯಾಡಿಸಿದರು. ನನಗೆ ಉತ್ತರ ಇರಲಿಲ್ಲ. ಹಾಲೆಯ ಟಿಂಚರನ್ನು ಮಾಡುವವರು ಇದ್ದಾರೆ. ಹೋಮಿಯೋಪತಿ ಅಂಗಡಿಗಳಲ್ಲಿ ಅಲ್ಸ್ಟೋನಿಯಾ ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ಅಲ್ಲಿ ತೂಕವಿದೆ, ಪರೀಕ್ಷೆಯಿದೆ. ನನ್ನ ಅಡುಗೆಮನೆಯಲ್ಲಿ ಇರುವುದು ಊರಿನ ನೆನಪು ಮಾತ್ರ. ನಿನ್ನೆ ಸಂಜೆ ಕಾಸರಕದ ಮೇಲೆ ಕೈಯಿಟ್ಟದ್ದೂ ಅದೇ ನೆನಪು.

ಮಧ್ಯಾಹ್ನದ ಬಸ್ಸಿಗೆ ಗುರುವಾಯನಕೆರೆಗೆ ಬಂದು ಮೂಡಬಿದಿರೆಯ ದಾರಿ ಹಿಡಿದೆ. ವೇಣೂರಿನಲ್ಲಿ ಮಳೆಯ ಪರದೆಯ ಹಿಂದೆ 1604ರ ಗೊಮ್ಮಟ, 35 ಅಡಿಯ ಮೌನ. ಮೂಡಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯ ಹತ್ತಿರವೇ ಗೆಳೆಯನ ಮನೆ. ಅವನ ತಾಯಿಯ ಕಾಲಿಗೆ ನಮಸ್ಕರಿಸಿ, ಶುಂಠಿಯ ಕುಪ್ಪಿ ತೋರಿಸಿದೆ.

ಅಮ್ಮ ನಕ್ಕು ಕೈ ಹಿಂದೆ ತೆಗೆದರು. "ಒಳ್ಳೆಯದೇ ಇರಬಹುದು ಮಗ, ಆದರೆ ನಮಗೆ ಎರಡು ಕಾರಣಕ್ಕೆ ಆಗದು. ಮದ್ಯವೂ ಆಗದು, ಹಸಿ ಶುಂಠಿಯೂ ಆಗದು."

ಮಣ್ಣಿನೊಳಗಿನ ಹಸಿ ಗೆಡ್ಡೆ ಎಂದರೆ ಲೆಕ್ಕವಿಲ್ಲದ ಜೀವಗಳ ಮನೆ, ಹಾಗಾಗಿ ಅಮ್ಮನಂಥ ಜೈನ ಶ್ರಾವಕರಿಗೆ ವರ್ಜ್ಯ. ಒಣ ಶುಂಠಿಯಾದರೆ ಆಗುತ್ತದೆ. ಹಸಿಯದಕ್ಕೂ ಒಣಗಿದ್ದಕ್ಕೂ ಇರುವ ವ್ಯತ್ಯಾಸವನ್ನು ಟೀಚರ್ ನೀರಿನ ಲೆಕ್ಕದಲ್ಲಿ ಹೇಳಿದ್ದರು, ಅಮ್ಮ ಜೀವದ ಲೆಕ್ಕದಲ್ಲಿ ಹೇಳಿದರು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯ ‘ಕಲ್ಯಾಣಕಾರಕ’ ಎಂಬ ಇಡೀ ವೈದ್ಯಗ್ರಂಥವನ್ನು ಮಾಂಸ, ಮದ್ಯ, ಜೇನು ಈ ಮೂರನ್ನೂ ಬಿಟ್ಟು ಬರೆದ. ಮದ್ದನ್ನು ಹಿಡಿದಿಡಲು ಬೇರೆಯವರು ನೆಚ್ಚಿದ ಮದ್ಯ, ಜೇನುಗಳನ್ನು ಬಿಟ್ಟ ಮೇಲೂ ವೈದ್ಯ ನಿಲ್ಲಲಿಲ್ಲ. ನೀರಿನ ಕಷಾಯ, ತುಪ್ಪ, ಎಣ್ಣೆ, ಸಕ್ಕರೆ ಉಳಿದಿದ್ದವು.

ಅಮ್ಮನ ಕಪಾಟಿನಲ್ಲಿ ಬೇಸಿಗೆಯಲ್ಲಿ ಹಾಕಿಟ್ಟ ಪುನರ್ಪುಳಿಯ ಭರಣಿ ಇತ್ತು. ಹಣ್ಣಿನ ಸಿಪ್ಪೆ ಒಂದು ಪದರ, ಸಕ್ಕರೆ ಒಂದು ಪದರ, ಬಿಸಿಲಿಗೆ ಇಟ್ಟರೆ ಸಕ್ಕರೆ ಸಿಪ್ಪೆಯ ಒಳಗಿನ ರಸವನ್ನು ಎಳೆದು ತಾನು ಕರಗುತ್ತದೆ. ಆ ಗಟ್ಟಿ ಪಾಕದಲ್ಲಿ ಬೂಷ್ಟಿಗೆ ಬೇಕಾದ ನೀರು ಸಿಗುವುದಿಲ್ಲ. ಟೀಚರ ಭರಣಿಯಲ್ಲಿ ಮದ್ಯ ಮಾಡಿದ ಕೆಲಸವನ್ನು ಇಲ್ಲಿ ಸಕ್ಕರೆ ಮಾಡಿತ್ತು.

ನನ್ನ ಖಾಲಿ ಕುಪ್ಪಿಗೆ ಅದನ್ನು ತುಂಬಿಸುತ್ತಾ ಅಮ್ಮ ಅಂದರು, "ಇದಕ್ಕೂ ಮರ್ಯಾದೆ ಉಂಟು. ವ್ರತದ ದಿನ ನನ್ನ ಅತ್ತೆ ಇದನ್ನೂ ಮುಟ್ಟುತ್ತಿರಲಿಲ್ಲ."

ಮರ್ಯಾದೆ ಎಂದರೆ ಅವರ ಮಾತಿನಲ್ಲಿ ಗಡುವು, ಒಂದು ವಸ್ತು ತಿನ್ನಲು ಯೋಗ್ಯವಾಗಿರುವ ಕಾಲದ ಎಲ್ಲೆ. ಬೀಸಿದ ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3. ಆ ಪದ ಕಿವಿಗೆ ಬಿದ್ದಾಗ ಬೆಳಿಗ್ಗೆ ಟೀಚರ್ ಹೇಳಿದ ಮಾತು ಪೂರ್ತಿಯಾಯಿತು. ಹಾಲೆಗೆ ಒಂದು ಬೆಳಗು, ಹಿಟ್ಟಿಗೆ ಮೂರು ದಿನ, ಶುಂಠಿಯ ಟಿಂಚರಿಗೆ ಮೂರು ವರ್ಷ. ಕೆಡದಂತೆ ಇಡುವ ವಿದ್ಯೆ ಎಂದರೆ ಕಾಲವನ್ನು ಗೆಲ್ಲುವುದು ಎಂದುಕೊಂಡು ನಾನು ಬೆಂಗಳೂರಿನಿಂದ ಹೊರಟಿದ್ದೆ. ಯಾವ ವಸ್ತುವಿಗೆ ಎಷ್ಟು ಕಾಲ ಎಂದು ಅರಿತು ಅಲ್ಲಿಗೆ ನಿಲ್ಲಿಸುವುದೂ ಆ ವಿದ್ಯೆಯ ಒಳಗೇ ಇದೆ. ಹಿರಿಯರು ತಮಗೆ ಸಲ್ಲುವ ದ್ರವವನ್ನು ಬೇರೆಬೇರೆಯಾಗಿ ಆರಿಸಿಕೊಂಡರು, ಗಡುವನ್ನು ಮಾತ್ರ ಯಾರೂ ಬಿಡಲಿಲ್ಲ.

ಈಗ ಎರಡು ಕುಪ್ಪಿಗಳೂ ನನ್ನ ಅಡುಗೆಮನೆಯ ಕಪಾಟಿನಲ್ಲಿವೆ. ಟೀಚರ್ ಹೇಳಿದ ಪ್ರಕಾರ ಚೀಟಿ ಬರೆದು ಅಂಟಿಸಿದ್ದೇನೆ. ಒಂದರ ಮೇಲೆ: ಹಸಿ ಶುಂಠಿ 200 ಗ್ರಾಂ, ವೋಡ್ಕಾ 400 ಮಿ.ಲೀ., ಶೇ. 42.8, ಮಡಂತ್ಯಾರು, ಆಟಿ ಅಮಾವಾಸ್ಯೆಯ ಹಿಂದಿನ ದಿನ ಸೋಸಿದ್ದು, ಮೂರು ವರ್ಷದ ಒಳಗೆ. ಇನ್ನೊಂದರ ಮೇಲೆ: ಪುನರ್ಪುಳಿ, ಸಕ್ಕರೆ, ಮೂಡಬಿದಿರೆ, ಬರುವ ಬೇಸಿಗೆಯ ಒಳಗೆ.

ಹಾಲೆಯ ಚೀಟಿ ಅಂಟಿಸಲು ಕುಪ್ಪಿ ಉಳಿದಿರಲಿಲ್ಲ. ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ವರ್ಷದ ಆಟಿ ಅಮಾವಾಸ್ಯೆಯ ಹಿಂದಿನ ದಿನದ ಚೌಕದಲ್ಲಿ ಬರೆದಿದ್ದೇನೆ: ಸಂಜೆ, ಬೆಳಕಿರುವಾಗ, ಗುಡ್ಡೆ ಹತ್ತಿ ಮರ ನೋಡುವುದು.